ಕಿರುಸಾಲದ ಸಾಮಾಜಿಕ ಪರಿಣಾಮ: ಅಳತೆಗೋಲೊಂದರ ಚರಿತ್ರೆ

ಲಾಭದೊಂದಿಗೆ ಸಮಾಜದ ಹಿತವನ್ನೂ ಸಾಧಿಸುವುದಾಗಿ ಹೇಳುವ ಉದ್ಯಮವು ತನ್ನ ಲಾಭವನ್ನು ಲೆಕ್ಕಪತ್ರದಲ್ಲಿ ತೋರಿಸಬಲ್ಲದು. ಹಿತವನ್ನು ಯಾವುದರಿಂದ ಅಳೆಯಬೇಕು? ಇಂತಹ ಹೂಡಿಕೆಗೆ ‘ಪರಿಣಾಮ ಹೂಡಿಕೆ’ ಎಂಬ ಹೆಸರು ದೊರೆತದ್ದು 2007ರಲ್ಲಿ, ಇಟಲಿಯ ಬೆಲ್ಲಾಜಿಯೊದಲ್ಲಿ ರಾಕ್‌ಫೆಲರ್ ಪ್ರತಿಷ್ಠಾನವು ಕರೆದ ಸಭೆಯಲ್ಲಿ. ಆದರೆ ಈ ಪ್ರಶ್ನೆಯು ಅದಕ್ಕೂ ಮೊದಲೇ ದಕ್ಷಿಣ ಏಷ್ಯಾದ ಕಿರುಸಾಲ ಸಂಸ್ಥೆಗಳಿಗೆ ಎದುರಾಗಿತ್ತು. ಅವು ಕಂಡುಕೊಂಡ ಉತ್ತರವನ್ನೂ ಅದರ ಫಲವನ್ನೂ ಪರಿಶೀಲಿಸುವುದು ಈ ಪ್ರಬಂಧದ ಉದ್ದೇಶ.

1976ರಲ್ಲಿ ಬಾಂಗ್ಲಾದೇಶದ ಚಿತ್ತಗಾಂಗ್ ಸಮೀಪದ ಜೋಬ್ರಾ ಗ್ರಾಮದಲ್ಲಿ ಮುಹಮ್ಮದ್ ಯೂನುಸ್ ಅವರು ಆರಂಭಿಸಿದ ಪ್ರಯೋಗವು 1983ರಲ್ಲಿ ಗ್ರಾಮೀಣ ಬ್ಯಾಂಕ್ ಆಯಿತು. 2006ರಲ್ಲಿ ಇಬ್ಬರಿಗೂ ನೊಬೆಲ್ ಶಾಂತಿ ಪುರಸ್ಕಾರ ಸಂದಿತು. ಅಡಮಾನವಿಲ್ಲದ ಬಡವರು ಸಾಲ ತೀರಿಸಲಾರರೆಂಬುದು ಬ್ಯಾಂಕುಗಳ ನಂಬಿಕೆಯಾಗಿತ್ತು. ಅದನ್ನು ಸುಳ್ಳಾಗಿಸಿದ್ದು ಮರುಪಾವತಿಯ ಉನ್ನತ ಪ್ರಮಾಣ. ಈ ಅಂಕಿಯ ಚಾರಿತ್ರಿಕ ಮಹತ್ವವನ್ನು ಅಲ್ಲಗಳೆಯಲಾಗದು. ಆದರೆ ಕ್ರಮೇಣ ಅದು ಬೇರೊಂದು ವಾದಕ್ಕೂ ಸಾಕ್ಷಿಯಾಯಿತು: ಕಂತು ತೀರುತ್ತಿದೆಯೆಂದರೆ ಸಾಲದಿಂದ ಬದುಕು ಸುಧಾರಿಸಿದೆ ಎಂದೇ ಭಾವಿಸಲಾಯಿತು. ವಾರದ ಕಂತು ದುಡಿಮೆಯ ಆದಾಯದಿಂದ ಬಂದಿರಬಹುದು, ಇನ್ನೊಂದು ಸಂಸ್ಥೆಯ ಸಾಲದಿಂದ ಬಂದಿರಬಹುದು, ಗುಂಪಿನ ಹೊಣೆಗೆ ಅಂಜಿ ಹೊಟ್ಟೆ ಕಟ್ಟಿ ಉಳಿಸಿದ್ದೂ ಆಗಿರಬಹುದು. ಸಂಸ್ಥೆಯ ಪುಸ್ತಕದಲ್ಲಿ ಮೂರಕ್ಕೂ ಒಂದೇ ಗುರುತು.

ಈ ಅಳತೆಯ ಮಿತಿಯು ಕರ್ನಾಟಕದಲ್ಲಿ 2009ರಲ್ಲಿಯೇ ಪ್ರಕಟವಾಯಿತು. ಒಂದೇ ಮನೆಗೆ ಹಲವು ಸಂಸ್ಥೆಗಳು ಸಾಲ ನೀಡಿದ್ದ ಕೋಲಾರ, ಶಿಡ್ಲಘಟ್ಟ, ರಾಮನಗರ ಮುಂತಾದೆಡೆ ಮರುಪಾವತಿ ಕುಸಿಯಿತು. ಕೋಲಾರದಲ್ಲಿ ಅಂಜುಮನ್ ಸಮಿತಿಯು ಕಂತು ಕಟ್ಟದಂತೆ ಕರೆ ನೀಡಿತು. ಆದರೂ ಹೂಡಿಕೆದಾರರ ಉತ್ಸಾಹ ತಗ್ಗಲಿಲ್ಲ. 2010ರ ಆಗಸ್ಟ್‌ನಲ್ಲಿ ಹೈದರಾಬಾದಿನ ಎಸ್‌ಕೆಎಸ್ ಮೈಕ್ರೋಫೈನಾನ್ಸ್ ಷೇರುಪೇಟೆಯನ್ನು ಪ್ರವೇಶಿಸಿತು. ಅದೇ ಅಕ್ಟೋಬರಿನಲ್ಲಿ, ಸಾಲಗಾರರ ಆತ್ಮಹತ್ಯೆಗಳ ವರದಿಗಳ ಹಿನ್ನೆಲೆಯಲ್ಲಿ ಆಂಧ್ರಪ್ರದೇಶ ಸರ್ಕಾರ ಸುಗ್ರೀವಾಜ್ಞೆ ಹೊರಡಿಸಿತು. ಆ ರಾಜ್ಯದಲ್ಲಿ ವಸೂಲಿ ಬಹುಮಟ್ಟಿಗೆ ನಿಂತುಹೋಯಿತು. ಪರಿಣಾಮದ ಸಾಕ್ಷಿಯೆನಿಸಿದ್ದ ಅಂಕಿ ಕೆಲವೇ ವಾರಗಳಲ್ಲಿ ನೆಲಕಚ್ಚಿತು.

ಸಾಲಗಾರರ ಮನೆಯೊಳಗಿನ ಬದಲಾವಣೆಯನ್ನು ಅಳೆಯುವ ಯತ್ನಗಳೂ ಈ ನಡುವೆ ನಡೆದಿದ್ದವು. ಮಹಿಳೆಯರಿಗೆ ನೀಡಿದ ಪ್ರತಿ 100 ಟಾಕಾ ಸಾಲಕ್ಕೆ ಕುಟುಂಬದ ವಾರ್ಷಿಕ ಅನುಭೋಗ 18 ಟಾಕಾ ಹೆಚ್ಚುತ್ತದೆಂದು ಬಾಂಗ್ಲಾದೇಶವನ್ನು ಕುರಿತು ಪಿಟ್ ಮತ್ತು ಖಂಡ್ಕರ್ 1998ರಲ್ಲಿ ಹೇಳಿದ್ದರು. ಅದೇ ದತ್ತಾಂಶವನ್ನು 2009ರಲ್ಲಿ ಮರುಪರಿಶೀಲಿಸಿದ ರೂಡ್‌ಮನ್ ಮತ್ತು ಮೊರ್ಡಕ್, ಅದರಿಂದ ಕಾರ್ಯಕಾರಣ ಸಂಬಂಧ ಸಿದ್ಧವಾಗದೆಂದು ವಾದಿಸಿದರು. ಉದ್ಯಮಶೀಲರೇ ಸಾಲ ಪಡೆದಿದ್ದರೆ ಏಳಿಗೆಗೆ ಕಾರಣ ಸಾಲವೋ, ಸ್ವಭಾವವೋ ಎಂಬುದು ಇಂತಹ ಅಧ್ಯಯನಗಳ ಮೂಲ ತೊಡಕು.

ಹೈದರಾಬಾದಿನಲ್ಲಿ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ ಮತ್ತು ಸಂಗಡಿಗರು ಈ ತೊಡಕನ್ನು ಚೀಟಿ ಎತ್ತುವಂಥ ಕ್ರಮದಿಂದ ಬಿಡಿಸಿದರು. 104 ಬಡಾವಣೆಗಳಲ್ಲಿ 52ನ್ನು ಯಾದೃಚ್ಛಿಕವಾಗಿ ಆರಿಸಿ, ಅಲ್ಲಿ ಸ್ಪಂದನ ಸಂಸ್ಥೆಯ ಶಾಖೆಗಳನ್ನು ತೆರೆಯಲಾಯಿತು. ಉಳಿದವು ಹೋಲಿಕೆಗೆ ನಿಂತವು. 2015ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ ಬಾಳಿಕೆಯ ವಸ್ತುಗಳ ಖರೀದಿ ಹೆಚ್ಚಿತು, ಮೊದಲೇ ಇದ್ದ ಸಣ್ಣ ವ್ಯಾಪಾರಗಳಲ್ಲಿ ಹೂಡಿಕೆ ಬೆಳೆಯಿತು. ಆದರೆ ಒಟ್ಟು ಅನುಭೋಗ, ಆರೋಗ್ಯ, ಶಿಕ್ಷಣ, ಮಹಿಳಾ ಸಬಲೀಕರಣಗಳಲ್ಲಿ ಗಣನೀಯ ಬದಲಾವಣೆ ಕಾಣಲಿಲ್ಲ. ಜೊತೆಗೇ ಪ್ರಕಟವಾದ ಬೋಸ್ನಿಯಾ, ಇಥಿಯೋಪಿಯಾ, ಮೆಕ್ಸಿಕೊ, ಮಂಗೋಲಿಯಾ, ಮೊರಾಕ್ಕೊ ದೇಶಗಳ ಅಧ್ಯಯನಗಳ ಒಟ್ಟು ನಿರ್ಣಯವೂ ಹೆಚ್ಚು ಭಿನ್ನವಲ್ಲ: ಪ್ರಯೋಜನವುಂಟು, ಆದರೆ ಅದು ಬದುಕನ್ನೇ ಮಾರ್ಪಡಿಸುವಂಥದಲ್ಲ.

ಅಳತೆಯ ಈ ಪಲ್ಲಟವು ನಿಯಮಗಳಲ್ಲಿಯೂ ಕಾಣುತ್ತದೆ. 2011ರಲ್ಲಿ ಮಾಲೆಗಾಂ ಸಮಿತಿಯ ವರದಿಯ ನಂತರ ರಿಸರ್ವ್ ಬ್ಯಾಂಕ್ ಸಾಲಕ್ಕೂ ಬಡ್ಡಿಗೂ ಮಿತಿಗಳನ್ನು ವಿಧಿಸಿತು. 2022ರ ಏಪ್ರಿಲ್‌ನಿಂದ ಬಡ್ಡಿಯ ಮಿತಿಯನ್ನು ತೆಗೆದು, ಕುಟುಂಬದ ಎಲ್ಲ ಸಾಲಗಳ ಕಂತುಗಳು ಸೇರಿ ಅದರ ಮಾಸಿಕ ಆದಾಯದ ಶೇ. 50ನ್ನು ಮೀರಬಾರದೆಂದು ಗೊತ್ತುಮಾಡಿತು. ಸಂಸ್ಥೆಯ ವಸೂಲಿಯ ಬದಲು ಮನೆಯ ಆದಾಯವು ಅಳತೆಯ ನೆಲೆಯಾದುದು ಇಲ್ಲಿ ಗಮನಾರ್ಹ. ಆದರೆ ನಿಯಮವಷ್ಟರಿಂದಲೇ ಸಂಕಷ್ಟ ತೀರಲಿಲ್ಲ. 2025ರ ಫೆಬ್ರವರಿಯಲ್ಲಿ ಕರ್ನಾಟಕ ಸರ್ಕಾರವು ಬಲವಂತದ ವಸೂಲಿಗೆ ಹತ್ತು ವರ್ಷಗಳವರೆಗಿನ ಸೆರೆವಾಸವನ್ನು ವಿಧಿಸಬಹುದಾದ ಸುಗ್ರೀವಾಜ್ಞೆಯನ್ನು ತರಬೇಕಾಯಿತು.

ಮರುಪಾವತಿಯ ಅಂಕಿ ಸುಳ್ಳಾಗಿರಲಿಲ್ಲ. ಸಾಲ ಕೊಟ್ಟವನ ಕ್ಷೇಮವನ್ನು ಅದು ಸರಿಯಾಗಿಯೇ ಅಳೆಯಿತು. ಪಡೆದವಳ ಕ್ಷೇಮಕ್ಕೂ ಅದನ್ನೇ ಅನ್ವಯಿಸಿದ್ದು ಪ್ರಮಾದ. ಸುಲಭವಾಗಿ ಸಿಗುವ ಅಂಕಿಯು ಸಿಗಬೇಕಾದ ಅಂಕಿಯ ಸ್ಥಾನವನ್ನು ಆಕ್ರಮಿಸುವ ಬಗೆ ಇದು. ಸಾಮಾಜಿಕ ಪರಿಣಾಮದ ಯಾವುದೇ ವರದಿಯನ್ನು ಓದುವ ಸಂಶೋಧಕನು, ಅದರಲ್ಲಿರುವ ಅಂಕಿ ಯಾರ ಮನೆಯಲ್ಲಿ ನಿಂತು ಎಣಿಸಿದ್ದು ಎಂಬುದನ್ನು ಮೊದಲು ಕೇಳಬೇಕಾಗುತ್ತದೆ.