ನೇತ್ರಾವತಿಯ ದಡದ ಬಾಡಿಗೆ ಮಳಿಗೆಗಳು

ಸವಣೂರೆಂದೊಡನೆ ಘಟ್ಟದ ಮೇಲಿನವರಿಗೆ ನವಾಬರ ಸವಣೂರು ನೆನಪಿಗೆ ಬರುವುದು ಸಹಜವೇ. ಇಲ್ಲಿಯ ಮಾತು ಆ ಸವಣೂರಿನದಲ್ಲ. ಪುತ್ತೂರಿನಿಂದ ಕಾಣಿಯೂರಿಗೂ ಅಲ್ಲಿಂದ ಸುಬ್ರಹ್ಮಣ್ಯಕ್ಕೂ ಹೋಗುವ ಮಾರ್ಗದ ಮೇಲೆ, ಹಿಂದೆ ಪುತ್ತೂರು ತಾಲೂಕಿನಲ್ಲಿದ್ದು ಈಗ ಕಡಬ ತಾಲೂಕಿಗೆ ಸೇರಿದ, ಕಂಗಿನ ತೋಟಗಳ ನಡುವಿನ ಒಂದು ಸಣ್ಣ ಊರು ಇದು. ಹೊಳೆಯ ದಡದಲ್ಲಿ ಹಬ್ಬಿದ ಪೇಟೆ ಇಲ್ಲಿಲ್ಲ. ದಡದ ಮಳಿಗೆಗಳ ಬಾಡಿಗೆಗಾಗಿ ಯಾರೂ ಇಲ್ಲಿ ಪೈಪೋಟಿ ನಡೆಯಿಸಿದವರಲ್ಲ. ಆದರೆ ಇಂತಹ ಊರುಗಳ ಅಡಕೆ, ಅಕ್ಕಿ, ಮೆಣಸುಗಳೇ ಕೆಳಗಿನ ಪೇಟೆಗಳ ಮಳಿಗೆಗಳನ್ನು ತುಂಬಿದುವು. ಉಪ್ಪಿನಂಗಡಿ, ಪಾಣೆಮಂಗಳೂರು, ಬಂಟವಾಳಗಳಲ್ಲಿ ಹೊಳೆಗೆ ಬೆನ್ನುಮಾಡಿ ನಿಂತ ಮಳಿಗೆಗಳ ಬಾಡಿಗೆ ಏರಿದ್ದೂ ಇಳಿದದ್ದೂ ಮೇಲಿನ ತೋಟದವರ ಬೆವರಿನ ಲೆಕ್ಕಕ್ಕೆ ಸೇರಿದ ಸಂಗತಿಗಳೇ.

ಸವಣೂರು ಸೀಮೆಯ ತೊರೆಗಳ ನೀರು ಬಡಗಲಿಗೆ ಹರಿಯುವ ಕುಮಾರಧಾರೆಯನ್ನು ಸೇರುವುದು. ಸುಬ್ರಹ್ಮಣ್ಯದ ಬೆಟ್ಟಗಳಿಂದ ಇಳಿದುಬರುವ ಆ ನದಿಯು ಉಪ್ಪಿನಂಗಡಿಯಲ್ಲಿ ನೇತ್ರಾವತಿಯನ್ನು ಕೂಡುವುದು. ಅಲ್ಲಿಂದ ಮುಂದೆ ಎರಡೂ ಒಂದೇ ಹೆಸರಿನಿಂದ ಪಾಣೆಮಂಗಳೂರು, ಬಂಟವಾಳಗಳನ್ನು ಹಾದು ಮಂಗಳೂರಿನ ಅಳಿವೆಯಲ್ಲಿ ಗುರುಪುರದ ಹೊಳೆಯೊಡನೆ ಸಮುದ್ರವನ್ನು ಸೇರುವುವು. ಈ ನಕ್ಷೆಯೇ ಒಂದು ಕಾಲದ ವ್ಯಾಪಾರದ ನಕ್ಷೆಯೂ ಆಗಿದ್ದಿತು. ಘಟ್ಟದಿಂದ ಎತ್ತಿನ ಮೇಲೂ ಗಾಡಿಯ ಮೇಲೂ, ಒಳನಾಡಿನಿಂದ ತಲೆಹೊರೆಯ ಮೇಲೂ ಬಂದ ಸರಕು ಬಂಟವಾಳದ ಹತ್ತಿರ ದೋಣಿಯನ್ನು ಏರುತ್ತಿದ್ದಿತು. ಮಡಿಕೇರಿಯ ಕಡೆಯ ಮಾರ್ಗವೂ ಚಾರ್ಮಾಡಿ ಘಟ್ಟದ ಮಾರ್ಗವೂ ಇಲ್ಲಿಯೇ ಹೊಳೆಯ ಸಮೀಪಕ್ಕೆ ಬರುತ್ತಿದ್ದುದರಿಂದ, ಮೈಸೂರು ಸೀಮೆಯ ಕಾಫಿಗೂ ಕೊಡಗಿನ ಏಲಕ್ಕಿಗೂ ಕೆಳಗಿನಿಂದ ಮೇಲಕ್ಕೆ ಹೋಗುವ ಉಪ್ಪು ಮತ್ತು ಒಣಮೀನಿಗೂ ಇದೊಂದು ತಂಗುದಾಣವಾಯಿತು.

ಸರಕು ಎಲ್ಲಿ ಗಾಡಿಯಿಂದ ಇಳಿದು ದೋಣಿಗೆ ಏರಬೇಕೋ ಅಲ್ಲಿ ಅದು ಒಂದೆರಡು ದಿನವಾದರೂ ನಿಲ್ಲಬೇಕು. ನಿಂತಲ್ಲಿ ಅದಕ್ಕೆ ಮಾಡು ಬೇಕು, ಬೀಗ ಬೇಕು, ಲೆಕ್ಕ ಬರೆಯುವ ಗುಮಾಸ್ತ ಬೇಕು, ಅವನು ಕುಳಿತುಕೊಳ್ಳಲು ಜಗಲಿ ಬೇಕು. ಹೊಳೆಯ ದಡದ ಬಾಡಿಗೆಯ ಹುಟ್ಟು ಇಷ್ಟರಲ್ಲಿಯೇ ಇರುವುದು. ಈಗಿನ ಕಾಲದ ಜಾಹೀರಾತಿನವರು ನದಿಯ ನೋಟವನ್ನು ಹೇಳಿ ಕಚೇರಿಗೆ ಹೆಚ್ಚು ಬಾಡಿಗೆಯನ್ನು ಕೇಳುವರು. ಹಿಂದಿನ ಸಾಹುಕಾರನು ನೋಟಕ್ಕಾಗಿ ಕಾಸನ್ನು ಕೊಟ್ಟವನಲ್ಲ. ಅವನ ಕಟ್ಟಡದ ಮುಖ ಪೇಟೆಯ ಬೀದಿಗೆ, ಬೆನ್ನು ಹೊಳೆಗೆ. ಮುಂದೆ ಜಗಲಿಯ ಮೇಲೆ ಗಲ್ಲಾಪೆಟ್ಟಿಗೆ ಮತ್ತು ತಕ್ಕಡಿ, ನಡುವೆ ಬಂಡಸಾಲೆ, ಹಿಂದೆ ನೀರಿಗಿಳಿಯುವ ಮೆಟ್ಟಿಲು, ಮೇಲೆ ಅಟ್ಟ ಅಥವಾ ಸಂಸಾರದ ವಾಸ. ಹೊಳೆದಡದ ವ್ಯಾಪಾರದ ಮನೆಗಳ ಸಾಮಾನ್ಯ ಕ್ರಮವಿದು. ಹೊಳೆಯ ಕಡೆಗೆ ಕಿಟಕಿ ಇದ್ದರೆ ಅದು ದೋಣಿ ಬಂದಿತೇ ಎಂದು ನೋಡುವುದಕ್ಕೆ.

ಈ ವ್ಯಾಪಾರಕ್ಕೆ ವರ್ಷದಲ್ಲಿ ಎರಡು ಮುಖಗಳಿದ್ದುವು. ಮಳೆಗಾಲದಲ್ಲಿ ಮಂಗಳೂರಿನ ಅಳಿವೆಯ ಬಾಯಿ ಹಡಗುಗಳಿಗೆ ಮುಚ್ಚಿಹೋಗುತ್ತಿದ್ದಿತು, ಮಂಜಿಗಳು ದಡಕ್ಕೇರುತ್ತಿದ್ದುವು. ಸುಗ್ಗಿಯ ತಿಂಗಳುಗಳಲ್ಲಿ ಅಂಗುಲ ಜಾಗಕ್ಕೂ ಬೆಲೆ ಬರುತ್ತಿದ್ದ ಬಂಡಸಾಲೆಗೆ ಆಟಿಯಲ್ಲಿ ಹೊಳೆಯೇ ಅತಿಥಿ. ಹೀಗಿದ್ದರೂ ವ್ಯಾಪಾರಿಗಳು ದಡವನ್ನು ಬಿಟ್ಟು ಮೇಲಕ್ಕೆ ಹೋಗಲಿಲ್ಲ. ದೋಣಿಯಿಂದ ಉಗ್ರಾಣಕ್ಕೆ ಹೊರುವ ಕೂಲಿ ಹೆಜ್ಜೆಯ ಮೇಲೆ ಏರುವುದೆಂಬುದನ್ನು ಅವರು ಬಲ್ಲವರಾಗಿದ್ದರು.

ಈ ಪೇಟೆಗಳಿಗೆ ಹಿತ್ತಿಲ ಸೀಮೆಯವರು ಅಧೀನರಾದ ಬಗೆಯು ಚರಿತ್ರೆಯಲ್ಲಿ ವಿಚಾರಾರ್ಹವಾದುದು. ಅಮರ ಸುಳ್ಯದ ಸೀಮೆಯು ಕೊಡಗಿನ ಅರಸರ ಕೈಯಲ್ಲಿದ್ದಾಗ ರೈತನು ಕಂದಾಯವನ್ನು ಬಹುಮಟ್ಟಿಗೆ ಬೆಳೆಯ ರೂಪದಲ್ಲಿಯೇ ಸಲ್ಲಿಸುತ್ತಿದ್ದನು. 1834ರಲ್ಲಿ ಕೊಡಗು ಕಂಪೆನಿಯ ವಶವಾಗಿ ಈ ಸೀಮೆಯು ಕೆನರಾ ಜಿಲ್ಲೆಗೆ ಸೇರಿದ ಮೇಲೆ ಕಂದಾಯವನ್ನು ನಗದಾಗಿ ಕಟ್ಟಬೇಕೆಂದು ಆಜ್ಞೆಯಾಯಿತು. ಹಣವೆಂಬುದು ಕಂಗಿನ ಮರದಲ್ಲಿ ಬೆಳೆಯುವುದಿಲ್ಲ, ಅದು ಪೇಟೆಯಲ್ಲಿರುವುದು. ಕಂತಿನ ದಿನಕ್ಕೆ ಸರಿಯಾಗಿ ರೈತನು ತನ್ನ ಅಕ್ಕಿಯ ಮುಡಿಯನ್ನೂ ಅಡಕೆಯನ್ನೂ ಕೇಳಿದ ಬೆಲೆಗೆ ಕೊಡಬೇಕಾಗಿ ಬಂದಿತು. 1837ರ ದಂಗೆಗೆ ಇತರ ಕಾರಣಗಳು ಇದ್ದುವಾದರೂ ಈ ನಗದು ಕಂದಾಯದ ಸಂಕಟವು ಮುಖ್ಯವಾದವುಗಳಲ್ಲೊಂದು. ಕಲ್ಯಾಣಸ್ವಾಮಿಯ ಹೆಸರಿನಲ್ಲಿ ಸುಳ್ಯದ ಕಡೆಯಿಂದ ಹೊರಟ ದಂಡು ಮೊದಲು ಬೆಳ್ಳಾರೆಯ ಖಜಾನೆಯನ್ನು ಹಿಡಿಯಿತು. ಬೆಳ್ಳಾರೆಯು ಸವಣೂರಿಗೆ ನೆರೆಯ ಊರು. ಆಮೇಲೆ ಪುತ್ತೂರು, ಪಾಣೆಮಂಗಳೂರು, ಬಂಟವಾಳಗಳ ದಾರಿಯಾಗಿ ಏಪ್ರಿಲ್ ತಿಂಗಳ ಮೊದಲಲ್ಲಿ ಮಂಗಳೂರನ್ನು ಸೇರಿ, ಸರಕಾರದ ಕಚೇರಿಗಳನ್ನು ಸುಟ್ಟು, ಬಾವುಟಗುಡ್ಡೆಯ ಮೇಲೆ ತನ್ನ ಬಾವುಟವನ್ನು ಏರಿಸಿತು. ಸುಮಾರು ಎರಡು ವಾರಗಳಲ್ಲಿ ಎಲ್ಲವೂ ಮುಗಿದುಹೋಯಿತು, ಮುಂದಾಳುಗಳು ನೇಣಿಗೇರಿದರು. ದಂಡು ನಡೆದ ದಾರಿಯನ್ನು ನಕ್ಷೆಯಲ್ಲಿ ನೋಡಿದರೆ ಅದು ರೈತನ ಅಡಕೆಯು ವರ್ಷವರ್ಷವೂ ನಡೆದ ದಾರಿಯೇ ಆಗಿರುವುದು ಕಾಣುವುದು. ನಗದು ಕಂದಾಯವಂತೂ ಹಿಂದೆಗೆಯಲಿಲ್ಲ. ಹೊಳೆಯ ದಡದ ಮಳಿಗೆಗಳು ಮತ್ತಷ್ಟು ಬೆಳೆದುವು.

ಇನ್ನು ಬಾಡಿಗೆಯ ವಿಚಾರ. ದಕ್ಷಿಣ ಕನ್ನಡದಲ್ಲಿ ನೆಲವನ್ನು ಕೊಡುವುದಕ್ಕೂ ಪಡೆಯುವುದಕ್ಕೂ ಮೂರು ಕ್ರಮಗಳಿದ್ದುವು: ಒಡೆಯನ ಇಚ್ಛೆ ಇರುವವರೆಗೆ ಮಾತ್ರ ನಡೆಯುವ ಚಾಲಗೇಣಿ, ಗೊತ್ತಾದ ವರ್ಷಗಳ ವಾಯಿದೆಗೇಣಿ, ಮತ್ತು ವಂಶಪಾರಂಪರ್ಯವಾಗಿ ನಡೆಯುವ ಮೂಲಗೇಣಿ. ಮೂಲಗೇಣಿಯಲ್ಲಿ ಗೇಣಿಯ ಮೊತ್ತವು ಒಮ್ಮೆ ನಿಶ್ಚಯವಾಯಿತೆಂದರೆ ಏರುವಂತಿಲ್ಲ. ಗೇಣಿ ಸಲ್ಲುತ್ತಿರುವವರೆಗೆ ಒಕ್ಕಲನ್ನು ಎಬ್ಬಿಸುವಂತೆಯೂ ಇಲ್ಲ. ಗದ್ದೆ ತೋಟಗಳಿಗೆಂದು ಹುಟ್ಟಿದ ಈ ಏರ್ಪಾಡು ಪೇಟೆಯ ನಿವೇಶನಗಳಿಗೂ ಹಬ್ಬಿತು. ಮಣ್ಣು ಒಂದು ದೇವಸ್ಥಾನದ ಅಥವಾ ದೊಡ್ಡ ವರ್ಗದಾರನ ಹೆಸರಿನಲ್ಲಿ. ಅದರ ಮೇಲಿನ ಕಟ್ಟಡ ಮೂಲಗೇಣಿದಾರನದು. ಕಟ್ಟಡದ ಕೋಣೆಗಳಲ್ಲಿ ತಿಂಗಳ ಬಾಡಿಗೆಗೆ ಕುಳಿತವನು ಮೂರನೆಯವನು. ಕೆಲವೆಡೆ ಮೂಲಗೇಣಿದಾರನೇ ಇನ್ನೊಬ್ಬನಿಗೆ ಒಳಮೂಲಗೇಣಿಯನ್ನು ಬರೆದುಕೊಟ್ಟು ನಾಲ್ಕನೆಯ ಮೆಟ್ಟಿಲನ್ನೂ ಕಟ್ಟುತ್ತಿದ್ದನು. ಪೇಟೆ ಬೆಳೆದಾಗ ಲಾಭವು ಮಣ್ಣಿನ ಒಡೆಯನಿಗೆ ಹೋಗದೆ ನಡುವಿನವನಿಗೆ ಹೋಯಿತು. ಒಡೆಯನಿಗೆ ಇದು ಅನ್ಯಾಯವೆಂದು ಕಂಡಿರಬಹುದು. ಆದರೆ ಕೆಸರಿನ ದಡವನ್ನು ಕಲ್ಲು ಕಟ್ಟಿ ಎತ್ತರಿಸಿ, ಮಣ್ಣು ತುಂಬಿ, ಅದನ್ನು ಪೇಟೆಯಾಗಿ ಮಾಡಿದವನು ಆ ನಡುವಿನವನೇ ಎಂಬುದನ್ನೂ ಮರೆಯಲಾಗದು.

ಹೊಳೆಯ ದಡಕ್ಕೆ ಹೊಸ ಬಗೆಯ ಬಾಡಿಗೆದಾರರು ಬಂದದ್ದು ಹಂಚಿನ ಉದ್ಯಮದಿಂದ. ಬಾಸೆಲ್ ಮಿಶನಿನವರು 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ನೇತ್ರಾವತಿಯ ಬಳಿ ಹಂಚಿನ ಕಾರ್ಖಾನೆಯನ್ನು ತೆರೆದರು. ಪ್ಲೆಬ್ಸ್ಟ್ ಎಂಬವರು ಹೊಳೆಗಳ ದಡದ ಆವೆಮಣ್ಣಿನ ಗುಣವನ್ನು ಕಂಡುಕೊಂಡಿದ್ದರು. ಮೂರು ವರ್ಷಗಳ ತರುವಾಯ, 1868ರಲ್ಲಿ, ಪಾಣೆಮಂಗಳೂರಿನಲ್ಲಿ ಆಲ್ಬುಕರ್ಕ್ ಅವರ ಕಾರ್ಖಾನೆಯಾಯಿತು. ಮುಂದೆ ನೇತ್ರಾವತಿ, ಗುರುಪುರ ಹೊಳೆಗಳ ದಡದುದ್ದಕ್ಕೂ ಹೊಗೆಕೊಳವೆಗಳು ಎದ್ದುವು. ಮಣ್ಣೂ ಸೌದೆಯೂ ದೋಣಿಯಲ್ಲಿ ಬರುವುದು, ಹಂಚೂ ದೋಣಿಯಲ್ಲಿಯೇ ಬಂದರಿಗೆ ಹೋಗುವುದು. ದಡವನ್ನು ಬಿಟ್ಟರೆ ಈ ಉದ್ಯಮಕ್ಕೆ ಗತಿಯಿಲ್ಲ. ಹುಲ್ಲುಮಾಡಿನ ಬಂಡಸಾಲೆಗಳು ಹಂಚಿನ ಮಾಡಾದದ್ದೂ, ಬೆಂಕಿಯ ಭಯ ಕಡಿಮೆಯಾದದ್ದೂ ಇದರ ಫಲವೇ.

ಆದರೆ ಪೇಟೆಯನ್ನು ಬೆಳೆಸಿದುದು ಸರಕು ನಿಲ್ಲಬೇಕಾದ ಅನಿವಾರ್ಯ. ಅದನ್ನು ಇಳಿಸಿದುದು ಸರಕು ನಿಲ್ಲಬೇಕಾಗಿಲ್ಲವೆಂಬ ಅನುಕೂಲ. ಪಾಣೆಮಂಗಳೂರಿನಲ್ಲಿ ಹೊಳೆಗೆ ಸೇತುವೆಯಾದ ಮೇಲೆ ಗಾಡಿಯು ಕಡವಿನಲ್ಲಿ ಕಾಯಬೇಕಾಗಲಿಲ್ಲ. 1907ರಲ್ಲಿ ಮಂಗಳೂರಿಗೆ ತೆಂಕಣಿಂದ ರೈಲು ಬಂದಿತು. ಮೋಟಾರು ಬಂದ ಮೇಲಂತೂ ಪುತ್ತೂರಿನ ಅಡಕೆಯು ಬೆಳಗ್ಗೆ ಹೊರಟು ಮಧ್ಯಾಹ್ನಕ್ಕೆ ಮಂಗಳೂರಿನ ಬಂದರನ್ನು ಸೇರುವಂತಾಯಿತು. ಸರಕಾರದವರು ಈ ಮೊದಲೇ ಹೊಳೆಯನ್ನು ನೆಚ್ಚುವುದನ್ನು ಬಿಟ್ಟಿದ್ದರು. ತಾಲೂಕಿಗೆ ಉಪ್ಪಿನಂಗಡಿಯ ಹೆಸರಿದ್ದಾಗಲೂ ಅದರ ಕಚೇರಿಗಳು ಸಂಗಮದ ದಡದಲ್ಲಿರದೆ ಪುತ್ತೂರಿನಲ್ಲಿದ್ದುವು. ಕಡೆಗೆ ತಾಲೂಕಿನ ಹೆಸರೇ ಪುತ್ತೂರೆಂದಾಯಿತು.

1923ರ ಆಗಸ್ಟಿನಲ್ಲಿ ನೇತ್ರಾವತಿ ಉಕ್ಕಿದ ಬಗೆಯನ್ನು ತುಳುನಾಡಿನವರು ‘ಮಾರಿ ಬೊಳ್ಳ’ವೆಂದು ಕರೆದರು. ಬೊಳ್ಳವೆಂದರೆ ತುಳುವಿನಲ್ಲಿ ನೆರೆ. ಮಾರಿಯೆಂಬ ವಿಶೇಷಣವು ಸುಮ್ಮನೆ ಬಂದುದಲ್ಲ. ಉಪ್ಪಿನಂಗಡಿ, ಪಾಣೆಮಂಗಳೂರು, ಬಂಟವಾಳಗಳ ಪೇಟೆಗಳು ನೀರಿನಲ್ಲಿ ಮುಳುಗಿ ಮನೆಗಳೂ ಮಳಿಗೆಗಳೂ ಕುಸಿದುವು. ಮಣ್ಣಿನ ಗೋಡೆಗೆ ಒಂದು ಗುಣವುಂಟು: ನೀರು ಏರುವಾಗ ಅದು ನಿಲ್ಲುವುದು, ಇಳಿದ ಮೇಲೆ ಬೀಳುವುದು. ನೆರೆಯಿಳಿದ ಮೇಲಿನ ದಿನಗಳು ನೆರೆಗಿಂತ ಕೆಟ್ಟವಾಗಿರುವುದಕ್ಕೆ ಇದೊಂದು ಕಾರಣ.

ಆಗ ಎದ್ದ ಪ್ರಶ್ನೆಯು ಹೊಳೆಯ ದಡದ ಬಾಡಿಗೆಯ ಒಳಮರ್ಮವನ್ನು ಬಯಲಿಗೆ ತರುವಂತಹುದು. ಕಟ್ಟಡ ಹೋಯಿತು, ಗೇಣಿ ಯಾರು ಕೊಡಬೇಕು? 1882ರ ಸ್ವತ್ತು ವರ್ಗಾವಣೆಯ ಕಾಯಿದೆಯ 108ನೆಯ ಕಲಮಿನಲ್ಲಿ ಇದಕ್ಕೆ ಒಂದು ಉತ್ತರವಿರುವುದು. ಬೆಂಕಿ, ಬಿರುಗಾಳಿ ಅಥವಾ ನೆರೆಯಿಂದ ಗೇಣಿಯ ಸ್ವತ್ತಿನ ಮುಖ್ಯ ಭಾಗವು ನಾಶವಾಗಿ ಉಪಯೋಗಕ್ಕೆ ಬಾರದೆ ಹೋದರೆ, ಗೇಣಿಯನ್ನು ರದ್ದುಪಡಿಸುವ ಆಯ್ಕೆಯು ಗೇಣಿದಾರನಿಗೆ ಉಂಟು. ಪತ್ರದ ಕರಾರಾಗಲಿ ಸ್ಥಳದ ರೂಢಿಯಾಗಲಿ ಬೇರೆಯಾಗಿದ್ದರೆ ಮಾತ್ರ ಅದರಂತೆ ನಡೆಯತಕ್ಕದ್ದು. ತಿಂಗಳ ಬಾಡಿಗೆಯವನಿಗೆ ಈ ಆಯ್ಕೆ ಸುಲಭ: ತಕ್ಕಡಿಯನ್ನು ಎತ್ತಿಕೊಂಡು ಮತ್ತೊಂದು ಜಗಲಿಗೆ ಹೋದರಾಯಿತು. ಮೂಲಗೇಣಿದಾರನ ಪಾಡು ಬೇರೆ. ಗೇಣಿಯನ್ನು ಬಿಟ್ಟರೆ ಅಜ್ಜನ ಕಾಲದಿಂದ ಬಂದ ಹಕ್ಕನ್ನೇ ಬಿಟ್ಟಂತಾಗುವುದು. ಬಿಡದಿದ್ದರೆ ಬರಿಯ ಮಣ್ಣಿಗೆ ಗೇಣಿಯನ್ನು ಕೊಡುತ್ತ, ಸಾಲ ಮಾಡಿ, ಮತ್ತೆ ಅದೇ ಹೊಳೆಯ ಬಾಯಿಯಲ್ಲಿ ಕಟ್ಟಬೇಕು. ಪೇಟೆಗಳು ಮತ್ತೆ ಅದೇ ದಡಗಳಲ್ಲಿ ಎದ್ದುನಿಂತುದನ್ನು ನೋಡಿದರೆ, ಹಕ್ಕನ್ನು ಬಿಡಲಾರದವರ ಸಂಖ್ಯೆ ಸಣ್ಣದಾಗಿರಲಿಲ್ಲವೆಂದು ಊಹಿಸಬಹುದು. ಇದನ್ನು ಧೈರ್ಯವೆನ್ನುವುದಕ್ಕಿಂತ ದಾರಿಯಿಲ್ಲದ ಸ್ಥಿತಿಯೆನ್ನುವುದು ಹೆಚ್ಚು ಸರಿಯಾದೀತು.

ಮುಂದಿನ ಕತೆಯನ್ನು ಬೇಗನೆ ಹೇಳಿ ಮುಗಿಸಬಹುದು. ಮೊಳಹಳ್ಳಿ ಶಿವರಾಯರಂತಹವರು ಪುತ್ತೂರಿನಲ್ಲಿ ಬೆಳೆಯಿಸಿದ ಸಹಕಾರದ ಚಳವಳಿಯಿಂದ ರೈತನಿಗೆ ಸಾಹುಕಾರನ ಜಗಲಿಯಲ್ಲದೆ ಸಾಲಕ್ಕೆ ಬೇರೊಂದು ಬಾಗಿಲು ತೆರೆಯಿತು. ಯುದ್ಧಕಾಲದ ಇಕ್ಕಟ್ಟಿನ ತರುವಾಯ ಮದ್ರಾಸ್ ಸರಕಾರವು 1946ರಲ್ಲಿಯೂ 1949ರಲ್ಲಿಯೂ ಕಟ್ಟಡಗಳ ಬಾಡಿಗೆಯನ್ನು ನಿಯಂತ್ರಿಸುವ ಕಾಯಿದೆಗಳನ್ನು ಮಾಡಿತು. ಪೇಟೆಯ ಮೂರನೆಯವನಿಗೂ ಅಷ್ಟರಮಟ್ಟಿಗೆ ನೆಲೆ ಸಿಕ್ಕಿತು. 1973ರಲ್ಲಿ ಕ್ಯಾಂಪ್ಕೊ ಹುಟ್ಟಿದ ಮೇಲೆ ತೋಟದ ಬಾಗಿಲಿನ ಹತ್ತಿರವೇ ಅಡಕೆಯ ಖರೀದಿ ನಡೆಯತೊಡಗಿತು. 1975ರಲ್ಲಿ ಪಣಂಬೂರಿನ ನವಮಂಗಳೂರು ಬಂದರು ಆರಂಭವಾದಂದಿನಿಂದ ದೊಡ್ಡ ಹಡಗುಗಳಿಗೆ ಹಳೆಯ ಅಳಿವೆಯ ಹಂಗು ತಪ್ಪಿತು. ಹಂಚಿನ ಕಾರ್ಖಾನೆಗಳಲ್ಲಿ ಬಹಳಷ್ಟು ಒಂದೊಂದಾಗಿ ಮುಚ್ಚಿದುವು. ಬಂಟವಾಳ ತಾಲೂಕಿನ ಕಚೇರಿಗಳೂ ನ್ಯಾಯಾಲಯವೂ ಹಳೆಯ ಪೇಟೆಯಲ್ಲಿರದೆ ಬಿ. ಸಿ. ರೋಡಿನಲ್ಲಿರುವುವು. ವಕೀಲರೂ ಬ್ಯಾಂಕುಗಳೂ ಕಚೇರಿಗಳ ಹಿಂದೆಯೇ ಹೋಗುವವರು. ಬಾಡಿಗೆಯೂ ಅವರ ಹಿಂದೆ ಹೋಯಿತು. ಸವಣೂರಿನವರಿಗೂ ಕುಮಾರಧಾರೆಯು ಈಗ ಸರಕನ್ನು ಹೊರುವ ದಾರಿಯಲ್ಲ. ಶಾಂತಿಮೊಗರಿನ ಸೇತುವೆಯ ಮೇಲೆ ವಾಹನದಲ್ಲಿ ಕುಳಿತು ದಾಟಿಹೋಗುವ ನೀರು.

1974ನೆಯ ವರ್ಷವು ಈ ಸೀಮೆಗೆ ಎರಡು ಕಾರಣಗಳಿಂದ ಮರೆಯಲಾಗದುದು. ಮಾರ್ಚ್ 1ರಿಂದ ಜಾರಿಗೆ ಬಂದ ಭೂಸುಧಾರಣೆಯ ತಿದ್ದುಪಡಿಯಿಂದ ಗೇಣಿಯ ಗದ್ದೆ ತೋಟಗಳು ಒಡೆಯರ ಕೈತಪ್ಪಿ, ಉಳುವವನು ಹೊಲದೊಡೆಯನಾಗುವ ದಾರಿಯಾಯಿತು. ಅದೇ ಮಳೆಗಾಲದಲ್ಲಿ ನೇತ್ರಾವತಿಯು ಮತ್ತೊಮ್ಮೆ ಬಂಟವಾಳದ ಪೇಟೆಗೆ ನುಗ್ಗಿತು. ಗದ್ದೆಯ ಚಾಲಗೇಣಿದಾರನು ಭೂಮಾಲಕನಾದನು. ಪೇಟೆಯ ನಿವೇಶನದ ಮೂಲಗೇಣಿದಾರನಾದರೋ, ಕೃಷಿಭೂಮಿಯಲ್ಲವೆಂಬ ಕಾರಣದಿಂದ, ಮೊದಲಿದ್ದಲ್ಲಿಯೇ ಉಳಿದನು. ನೆರೆಯ ನೀರನ್ನು ಮಾತ್ರ ಇಬ್ಬರೂ ಸಮನಾಗಿ ಕಂಡರು.

ಈ ಮೂಲಗೇಣಿದಾರರಿಗೆ ಒಡೆತನವನ್ನು ಕೊಡುವ ಕಾಯಿದೆಯು ಕರ್ನಾಟಕದಲ್ಲಿ ರೂಪುಗೊಂಡದ್ದು 2011ರಲ್ಲಿ. ನಿಗದಿಯಾದ ಹಣವನ್ನು ಕಟ್ಟಿ ಮೂಲಗೇಣಿದಾರನೂ ಒಳಮೂಲಗೇಣಿದಾರನೂ ಮಣ್ಣಿನ ಒಡೆಯರಾಗಬಹುದೆಂಬುದು ಅದರ ಆಶಯ. ಒಡೆಯರ ಕಡೆಯವರು ಅದನ್ನು ಹೈಕೋರ್ಟಿನಲ್ಲಿ ಪ್ರಶ್ನಿಸಿದರು. ಹೊಳೆಯ ದಡದ ಮೆಟ್ಟಿಲುಗಳಲ್ಲಿ ದೋಣಿ ಕಟ್ಟುವವರು ಇಲ್ಲವಾಗಿ ಎಷ್ಟೋ ಕಾಲವಾದ ಮೇಲೆ, ಆ ಮೆಟ್ಟಿಲು ಯಾರದೆಂಬ ವಾದವು ನಡೆಯಿತು.