ನರದಿಂದ ಗ್ರಂಥಿಗೆ, ಗ್ರಂಥಿಯಿಂದ ಕರುಳಿಗೆ

ಇಳಿಜಾರಿನಲ್ಲಿ ರಭಸದಿಂದ ಬರುತ್ತಿದ್ದ ಗಾಲಿಕುರ್ಚಿಯಿಂದ 21ರ ಯುವತಿಯೊಬ್ಬಳು ಉರುಳಿ ಬಿದ್ದು ಬೆಚ್ಚಿದಳು. ಅಂದಿನಿಂದ ಎದೆ ಡವಗುಟ್ಟತೊಡಗಿತು, ನರಗಳ ತೊಂದರೆ ಶುರುವಾಯಿತು. ಕತ್ತು ಊದಿದ್ದು ಸುಮಾರು ಹದಿನೈದು ದಿನದ ಮೇಲೆ. ಇಂಗ್ಲೆಂಡಿನ ಬಾತ್ ಊರಿನ ವೈದ್ಯ ಕೇಲೆಬ್ ಪ್ಯಾರಿ ಹೀಗೆ ಬರೆದಿಟ್ಟಿದ್ದು ಅಚ್ಚಾದದ್ದು ಅವರು ತೀರಿಕೊಂಡ ಮೇಲೆ, 1825ರಲ್ಲಿ. ಮೊದಲು ಭಯ, ಆಮೇಲೆ ಗಡ್ಡೆ. ಈ ಅನುಕ್ರಮವೇ ವೈದ್ಯರನ್ನು ಬಹುಕಾಲ ದಾರಿ ತಪ್ಪಿಸಿತು.

1835ರಲ್ಲಿ ಡಬ್ಲಿನ್ನಿನ ಗ್ರೇವ್ಸ್, 1840ರಲ್ಲಿ ಜರ್ಮನಿಯ ಬಾಸೆಡೊ ಇದೇ ಕಾಯಿಲೆಯನ್ನು ವಿವರಿಸಿದರು. ಪ್ಯಾರಿಸ್ಸಿನ ಶಾರ್ಕೊ ಇದನ್ನು ನರರೋಗಗಳ ಸಾಲಿಗೆ ಸೇರಿಸಿದರು. ಬೆರಳುಗಳ ಸಣ್ಣ ನಡುಕವನ್ನು 1883ರಲ್ಲಿ ಪಿಯರ್ ಮಾರಿ ಗುರುತಿಸಿದಾಗ ಆ ನಂಬಿಕೆಗೆ ಇನ್ನಷ್ಟು ಬಲ ಬಂತು. 1896ರಲ್ಲಿ ಲಿಯಾನ್‌ನ ಶಸ್ತ್ರವೈದ್ಯ ಜಬೂಲೆ ಕತ್ತಿನ ಅನುವೇದಕ (ಸಿಂಪಥೆಟಿಕ್) ನರವನ್ನೇ ಕತ್ತರಿಸಿ ನೋಡಿದರು! ಅದಕ್ಕೆ ಹತ್ತು ವರ್ಷ ಮೊದಲೇ ತಪ್ಪು ನರದ್ದಲ್ಲ, ಕತ್ತಿನ ಥೈರಾಯ್ಡ್ ಗ್ರಂಥಿಯದ್ದು ಎಂದಿದ್ದವರು ಲೈಪ್‌ಜಿಗ್‌ನ ಮೋಬಿಯಸ್. ಅವರು ನರರೋಗ ತಜ್ಞರೇ ಆಗಿದ್ದದ್ದು ತಮಾಷೆ. 1895ರಲ್ಲಿ ಮ್ಯಾಗ್ನಸ್-ಲೆವಿ ಈ ರೋಗಿಗಳು ಬಳಸುವ ಆಮ್ಲಜನಕವನ್ನು ಅಳೆದರು. ಸುಮ್ಮನೆ ಮಲಗಿದ್ದರೂ ಅವರ ದೇಹ ಹೆಚ್ಚು ಉರಿಯುತ್ತಿತ್ತು. 1914ರಲ್ಲಿ ಕೆಂಡಾಲ್ ಆ ಗ್ರಂಥಿಯ ಹಾರ್ಮೋನು ಥೈರಾಕ್ಸಿನ್ ಅನ್ನು ಬೇರ್ಪಡಿಸಿದರು; 1940ರ ದಶಕದಲ್ಲಿ ವಿಕಿರಣಶೀಲ ಅಯೋಡಿನ್, ಗ್ರಂಥಿಯನ್ನು ತಣಿಸುವ ಮಾತ್ರೆ ಎರಡೂ ಬಂದವು.

ಆದರೂ ನರದ ಒಗಟು ಬಿಡಿಸಲಾಗಲಿಲ್ಲ. ಬೆವರು, ನಡುಕ, ನಿದ್ದೆಗೇಡು, ಸಿಡುಕು ಎಲ್ಲವೂ ಅಡ್ರಿನಲಿನ್ ಉಕ್ಕಿದಂತೆಯೇ ಕಾಣುತ್ತವೆ. ರಕ್ತದಲ್ಲಿ ನೋಡಿದರೆ ಅಡ್ರಿನಲಿನ್ ಹೆಚ್ಚಿರುವುದಿಲ್ಲ. 1977ರಲ್ಲಿ ಇಲಿಗಳ ಹೃದಯದಲ್ಲಿ ಒಂದು ಸುಳಿವು ಸಿಕ್ಕಿತು: ಥೈರಾಯ್ಡ್ ಹಾರ್ಮೋನು ಹೆಚ್ಚಿದರೆ ಅಡ್ರಿನಲಿನ್‌ಗೆ ಓಗೊಡುವ ಗ್ರಾಹಕಗಳ ಸಂಖ್ಯೆಯೂ ಹೆಚ್ಚುತ್ತದೆ. ಪ್ರೊಪ್ರನಲಾಲ್ ಮಾತ್ರೆ ನುಂಗಿದವರ ಕೈನಡುಕ, ಎದೆಬಡಿತ ಬೇಗ ತಗ್ಗುವುದೂ ಈ ಗ್ರಾಹಕಗಳಿಗೆ ತಡೆ ಬೀಳುವುದರಿಂದಲೇ. ಕಾಯಿಲೆಯ ಮೂಲ ಮಾತ್ರ ಹಾಗೇ ಉಳಿದಿರುತ್ತದೆ.

ಕರುಳಿನ ಸರದಿ ಬಂದದ್ದು ತಡವಾಗಿ. ಕುಡಿದದ್ದು ಕರುಳಿನಲ್ಲಿ ಎಷ್ಟು ಬೇಗ ಸಾಗುತ್ತದೆ ಎಂದು ತಿಳಿಯಲು ಲ್ಯಾಕ್ಟುಲೋಸ್ ಎಂಬ ಸಕ್ಕರೆ ಕುಡಿಸಿ, ಉಸಿರಿನಲ್ಲಿ ಹೈಡ್ರೋಜನ್ ಯಾವಾಗ ಏರುತ್ತದೆ ಎಂದು ಕಾಯುತ್ತಾರೆ. ಅದು ದೊಡ್ಡ ಕರುಳಿನ ಬ್ಯಾಕ್ಟೀರಿಯಾಗಳು ಹೊರಬಿಡುವ ಅನಿಲ. ಏರಿತೆಂದರೆ ಕುಡಿದದ್ದು ಅಲ್ಲಿಗೆ ತಲುಪಿದೆ ಎಂದರ್ಥ. ಥೈರಾಯ್ಡ್ ಹಾರ್ಮೋನು ಹೆಚ್ಚಿದವರಲ್ಲಿ ಈ ಪ್ರಯಾಣ ಬೇಗ ಮುಗಿಯುತ್ತದೆ. ಹಸಿವು ಜಾಸ್ತಿಯಾಗಿ ಎಣ್ಣೆ-ತುಪ್ಪ ಹೆಚ್ಚು ಒಳಗೆ ಹೋಗುತ್ತದೆ, ಅದು ಜೀರ್ಣವಾಗಲು ಸಮಯ ಸಾಲದು. ಕೆಲವರಿಗೆ ಮಲದಲ್ಲಿ ಜಿಡ್ಡು. ದಿನಕ್ಕೆ ಮೂರು ನಾಲ್ಕು ಸಲ ಹೋಗಬೇಕಾಗಬಹುದು, ನೀರುಭೇದಿಯೇ ಆಗಬೇಕೆಂದಿಲ್ಲ. ಮೊದಲಿನಿಂದ ಮಲಬದ್ಧತೆ ಇದ್ದವರಂತೂ ಈಗ ಹೊಟ್ಟೆ ಸರಿಹೋಯಿತೆಂದು ಖುಷಿಪಡುತ್ತಾರೆ, ವೈದ್ಯರಿಗೆ ಹೇಳುವುದೇ ಇಲ್ಲ.

ವಯಸ್ಸಾದವರಲ್ಲಿ ಚಿತ್ರ ತಲೆಕೆಳಗು. 1931ರಲ್ಲಿ ಬಾಸ್ಟನ್ನಿನ ಲೇಹಿ ಇಂಥವರನ್ನು ವಿವರಿಸಿದರು: ಚಡಪಡಿಕೆಯ ಬದಲು ಮಂಕು. ಹಸಿವು ಕುಗ್ಗಿ ಮೈ ಇಳಿಯುವುದೂ ಉಂಟು. ಹೊಟ್ಟೆಯಲ್ಲಿ ಕ್ಯಾನ್ಸರ್ ಇರಬಹುದೇ ಎಂದು ಎಂಡೋಸ್ಕೋಪಿ, ಸ್ಕ್ಯಾನ್ ಎಲ್ಲ ಮುಗಿದ ಮೇಲೆ ಥೈರಾಯ್ಡ್ ಸ್ಥಿತಿ ತಿಳಿಸುವ ಟಿಎಸ್‌ಎಚ್ ರಕ್ತಪರೀಕ್ಷೆಗೆ ಚೀಟಿ ಬರೆಯುವುದು ಇವತ್ತಿಗೂ ಅಪರೂಪವಲ್ಲ.