ದುಡಿ, ಕೊಂಬು ಮತ್ತು ಸಿಂಫನಿ ವಾದ್ಯವೃಂದ: ಕೊಡಗಿನ ಸಂಗೀತದ ಆಧಾರದ ಮೇಲೆ ಟೋನಲ್ ಕೃತಿರಚನೆ

ಕೊಡಗಿನ ಹಾಡುಗಳನ್ನು ಮೂಲದ್ರವ್ಯವಾಗಿ ಇಟ್ಟುಕೊಂಡು ಸಿಂಫನಿ ವಾದ್ಯವೃಂದಕ್ಕೆ ಹೊಸ ಕೃತಿ ರಚಿಸಲು ಹೊರಡುವವರಿಗೆ ಮೊದಲು ಸಿಗುವ ಆಕರ ‘ಪಟ್ಟೋಲೆ ಪಳಮೆ’. ನಡಿಕೇರಿಯಂಡ ಚಿಣ್ಣಪ್ಪನವರು ಊರೂರು ತಿರುಗಿ ಸಂಗ್ರಹಿಸಿದ ಈ ಗ್ರಂಥ 1924ರಲ್ಲಿ ಪ್ರಕಟವಾಯಿತು. ಮದುವೆ, ಸಾವು, ಸುಗ್ಗಿಯ ಹಬ್ಬವಾದ ಪುತ್ತರಿ, ದೇವರ ಕಾರ್ಯ, ವೀರರ ಕಥೆ ಹೀಗೆ ಕೊಡವ ಬದುಕಿನ ಎಲ್ಲ ಸಂದರ್ಭಗಳ ಹಾಡುಗಳೂ ಅದರಲ್ಲಿ ಕೊಡವರ ಭಾಷೆಯಾದ ಕೊಡವ ತಕ್ಕ್‌ನಲ್ಲೇ, ಕನ್ನಡ ಲಿಪಿಯಲ್ಲಿ ಉಳಿದುಬಂದಿವೆ. ಉಳಿದದ್ದು ಸಾಹಿತ್ಯ. ಧಾಟಿ ಮಾತ್ರ ಹಾಡುಗಾರರ ಗಂಟಲಲ್ಲೇ ಉಳಿಯಿತು. ಇದಕ್ಕೂ ಮೊದಲು, 1870ರಲ್ಲಿ, ಬಾಸೆಲ್ ಮಿಷನ್ನಿನ ಗ್ರೇಟರ್ ಕೊಡವ ಹಾಡುಗಳ ಸಂಕಲನವೊಂದನ್ನು ಮಂಗಳೂರಿನಲ್ಲಿ ಅಚ್ಚು ಮಾಡಿಸಿದ್ದರು. ಅಲ್ಲಿಯೂ ಗಮನ ಭಾಷೆಯ ಕಡೆಗೇ ಇತ್ತು. ಕೊಡಗಿನ ಸಂಗೀತವನ್ನು ಸ್ವರವಾಗಿ ಓದಬಯಸುವ ಸಂಯೋಜಕ ತನ್ನ ಕಿವಿಯನ್ನೇ ನಂಬಬೇಕಾದ ಸ್ಥಿತಿಗೆ ಇದೇ ಕಾರಣ.

ಟೋನಲ್ ಸಂಗೀತವೆಂದರೆ ಒಂದು ಆಧಾರಸ್ವರದಿಂದ ಹೊರಟು, ಅದರಿಂದ ದೂರ ಸರಿದು, ಮತ್ತೆ ಅದಕ್ಕೇ ಮರಳುವ ಸಂಗೀತ. ಷಡ್ಜದ ನೆಲೆಯಲ್ಲಿ ನಿಂತು ಕೇಳುವ ಅಭ್ಯಾಸವಿರುವ ಕನ್ನಡದ ಕಿವಿಗೆ ಈ ಕಲ್ಪನೆ ಹೊಸದಲ್ಲ. ಆದರೆ ಇಪ್ಪತ್ತನೆಯ ಶತಮಾನದ ಯುರೋಪಿನಲ್ಲಿ ಆಧಾರಸ್ವರವನ್ನು ಬಿಟ್ಟುಕೊಟ್ಟ ಸಂಗೀತವೇ ಮುನ್ನಡೆಯ ಗುರುತೆನಿಸಿಕೊಂಡಿತು. ಆ ಕಾಲದಲ್ಲಿ ಟೋನಲ್ ಸಂಗೀತದ ಪರವಾಗಿ ಹಟ ಹಿಡಿದು ನಿಂತವರಲ್ಲಿ ರಷ್ಯದ ನಿಕೊಲಾಯ್ ಮೆಟ್ನರ್ ಒಬ್ಬರು. ಇದೇ ನಿಲುವನ್ನು ಸಮರ್ಥಿಸಿ 1935ರಲ್ಲಿ ಅವರು ಪುಸ್ತಕವನ್ನೂ ಬರೆದರು. ಲಂಡನ್ನಿನಲ್ಲಿ ಅನಾರೋಗ್ಯ ಮತ್ತು ಹಣದ ಅಡಚಣೆಯಲ್ಲಿದ್ದ ಅವರಿಗೆ ಆಸರೆ ದೊರೆತದ್ದು ಮೈಸೂರಿನಿಂದ. ಮೈಸೂರಿನ ಮಹಾರಾಜ ಜಯಚಾಮರಾಜ ಒಡೆಯರ ನೆರವಿನಿಂದ ಮೆಟ್ನರ್ ಸೊಸೈಟಿ ಸ್ಥಾಪನೆಯಾಯಿತು. ಮೆಟ್ನರ್ ತಮ್ಮ ಪಿಯಾನೊ ಕನ್ಚರ್ಟೊಗಳನ್ನು ಫಿಲ್‌ಹಾರ್ಮೋನಿಯ ವಾದ್ಯವೃಂದದೊಂದಿಗೆ ತಾವೇ ನುಡಿಸಿ ಧ್ವನಿಮುದ್ರಿಸಿದರು. ಮೂರನೆಯ ಕನ್ಚರ್ಟೊ ಮೈಸೂರು ಮಹಾರಾಜರಿಗೆ ಅರ್ಪಿತವಾಗಿದೆ. 1950ರ ಮೇ 22ರಂದು ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ ರಿಚರ್ಡ್ ಸ್ಟ್ರೌಸರ ‘ನಾಲ್ಕು ಕೊನೆಯ ಹಾಡುಗಳು’ ಮೊದಲ ಬಾರಿಗೆ ಕೇಳಿಬಂದದ್ದೂ ಒಡೆಯರ ಧನಸಹಾಯದಿಂದಲೇ. ತಾವು ಶ್ರೀವಿದ್ಯಾ ಅಂಕಿತದಲ್ಲಿ ಕರ್ನಾಟಕ ಸಂಗೀತದ ಕೃತಿಗಳನ್ನು ರಚಿಸುತ್ತಿದ್ದ ದೊರೆ, ಅದೇ ಕಾಲದಲ್ಲಿ ಯುರೋಪಿನ ಟೋನಲ್ ವಾದ್ಯಸಂಗೀತದ ಕೊನೆಯ ದೊಡ್ಡ ಫಸಲನ್ನು ಕಾಪಾಡಿದರು. ಕರ್ನಾಟಕದ ಸಂಗೀತ ಚರಿತ್ರೆಗಳಲ್ಲಿ ಈ ಸಂಗತಿಗೆ ಸಲ್ಲಬೇಕಾದ ಜಾಗ ಇನ್ನೂ ಸಂದಿಲ್ಲ.

ಕೊಡಗಿಗೆ ಪಾಶ್ಚಾತ್ಯ ವಾದ್ಯಮೇಳದ ಪರಿಚಯವಾದ ಒಂದು ದಾರಿ ಸೈನ್ಯ. ತಲೆಮಾರುಗಳಿಂದ ಸೇನೆಗೆ ಸೇರುತ್ತ ಬಂದ ನಾಡಿನ ಜನರಿಗೆ ಬ್ಯಾಂಡಿನ ಹಿತ್ತಾಳೆ ವಾದ್ಯಗಳ ನಾದ ಅಪರಿಚಿತವಲ್ಲ. ಭಾರತೀಯ ಸೇನೆಯ ಸಂಗೀತ ಶಿಕ್ಷಣ ಕೇಂದ್ರ ಪಚ್‌ಮಢಿಯಲ್ಲಿ ಆರಂಭವಾದ 1950ರಲ್ಲಿ ಸೇನೆಯ ಮುಖ್ಯಸ್ಥರಾಗಿದ್ದವರು ಕೊಡಗಿನ ಕೆ. ಎಂ. ಕಾರ್ಯಪ್ಪನವರು.

ವಾದ್ಯವೃಂದಕ್ಕೆ ಬರೆದ ಹೊಸ ಕೃತಿ ಹೊರಜಗತ್ತನ್ನು ತಲುಪಲು ಇರುವ ಒಂದು ದಾರಿ ಅಂತರರಾಷ್ಟ್ರೀಯ ಸ್ಪರ್ಧೆ. ಈ ಸ್ಪರ್ಧೆಗಳ ಚರಿತ್ರೆ ಟೋನಲ್ ಕೃತಿಗಳ ಪಾಲಿಗೆ ಏರಿಳಿತದ್ದು. ಶೂಬರ್ಟ್ ನಿಧನರಾಗಿ ನೂರು ವರ್ಷ ತುಂಬಿದ 1928ರಲ್ಲಿ ಕೊಲಂಬಿಯ ಗ್ರಾಫೊಫೋನ್ ಕಂಪನಿ ನಡೆಸಿದ ಸ್ಪರ್ಧೆಯಲ್ಲಿ ಸ್ವೀಡನ್ನಿನ ಕುರ್ಟ್ ಆಟರ್‌ಬರ್ಗ್ ತಮ್ಮ ಆರನೆಯ ಸಿಂಫನಿಗೆ 10,000 ಡಾಲರ್ ಬಹುಮಾನ ಪಡೆದರು. ಆ ಕೃತಿ ಪೂರ್ತಿಯಾಗಿ ಟೋನಲ್. ಇಂದಿನ ಸ್ಪರ್ಧೆಗಳ ಸ್ವರೂಪ ಬೇರೆ. ಟೋಕಿಯೊದಲ್ಲಿ 1997ರಿಂದ ನಡೆಯುತ್ತಿರುವ ತಾಕೆಮಿತ್ಸು ಪ್ರಶಸ್ತಿಯಲ್ಲಿ ಪ್ರತಿ ಸಲವೂ ತೀರ್ಪು ಒಬ್ಬನೇ ಸಂಯೋಜಕನದು. ಮೊದಲ ಮೂರು ವರ್ಷ ಆ ಕೆಲಸ ಮಾಡಿದವರು ದ್ಯುತಿಯೊ, ಲಿಗೆತಿ ಮತ್ತು ಬೆರಿಯೊ. ಮೂವರ ಅಭಿರುಚಿಯೂ ಒಂದಕ್ಕೊಂದು ದೂರ. ಇಂಥ ವ್ಯವಸ್ಥೆಯಲ್ಲಿ ಆಧಾರಸ್ವರ ಇದೆಯೇ ಇಲ್ಲವೇ ಎಂಬುದಕ್ಕಿಂತ ಆ ಸ್ವರವನ್ನು ಏಕೆ, ಹೇಗೆ ದುಡಿಸಿಕೊಳ್ಳಲಾಗಿದೆ ಎಂಬುದನ್ನು ಸ್ಕೋರ್ ಓದುವವರು ನೋಡುತ್ತಾರೆ. ಹತ್ತೊಂಬತ್ತನೆಯ ಶತಮಾನದ ಮಾದರಿಯನ್ನು ಚೊಕ್ಕಟವಾಗಿ ನಕಲು ಮಾಡಿದ ಕೃತಿ ಅಲ್ಲಿ ಸೋಲುವುದು ನ್ಯಾಯವೇ. ಆದರೆ ತೀರ್ಪುಗಾರರು ತಪ್ಪಿದ್ದೂ ಉಂಟು. ಬೇಲಾ ಬಾರ್ಟೋಕರ ಒಪೆರಾ ‘ಬ್ಲೂಬಿಯರ್ಡನ ಕೋಟೆ’ 1911ರಲ್ಲಿ ರಚನೆಯಾಗಿ ಬುಡಾಪೆಸ್ಟಿನ ಎರಡು ಸ್ಪರ್ಧೆಗಳಲ್ಲಿ ತಿರಸ್ಕೃತವಾಯಿತು. ರಂಗಕ್ಕೆ ಬಂದದ್ದು 1918ರಲ್ಲಿ.

ಕೊಡಗಿನ ಸಂಯೋಜಕನಿಗೆ ಬಾರ್ಟೋಕ್ ಮುಖ್ಯರಾಗುವುದು ಇನ್ನೊಂದು ಕಾರಣಕ್ಕೆ. ಫೊನೊಗ್ರಾಫ್ ಹೊತ್ತು ಹಳ್ಳಿಗಳಲ್ಲಿ ಹಾಡು ಸಂಗ್ರಹಿಸಿದ ಅವರು, ಜನಪದ ಧಾಟಿಗೆ ಸಿದ್ಧ ಹಾರ್ಮನಿಯನ್ನು ಹೊರಗಿನಿಂದ ಹೊದಿಸಬಾರದು, ಧಾಟಿಯ ಸ್ವರಗಳಿಂದಲೇ ಅದರ ಹಾರ್ಮನಿ ಹುಟ್ಟಬೇಕು ಎಂದು ವಾದಿಸಿದರು. ಕೊಡಗಿನ ದ್ರವ್ಯವನ್ನು ಹತ್ತಿರದಿಂದ ನೋಡಿದರೆ ಈ ಮಾತಿನ ಬೆಲೆ ತಿಳಿಯುತ್ತದೆ.

ದುಡಿಕೊಟ್ಟ್ ಪಾಟ್‌ನಲ್ಲಿ ಸಾಮಾನ್ಯವಾಗಿ ನಾಲ್ವರು ಹಾಡುಗಾರರು. ಮರಳುಗಡಿಯಾರದಂತೆ ನಡು ಸಣ್ಣಗಾದ ದುಡಿಯನ್ನು ತೆಳುವಾದ ಕಡ್ಡಿಯಿಂದ ಬಡಿಯುತ್ತ ಇಬ್ಬರು ಎತ್ತಿದ ಸಾಲನ್ನು ಉಳಿದಿಬ್ಬರು ಹಿಂದೆಯೇ ಹಿಡಿಯುತ್ತಾರೆ. ಸ್ವರವ್ಯಾಪ್ತಿ ಕಿರಿದು, ಒಂದೇ ಧಾಟಿ ನೂರಾರು ಸಾಲುಗಳಿಗೆ ಮರಳಿ ಮರಳಿ ಬರುತ್ತದೆ. ಒಂದು ಜೋಡಿಯ ಕೊನೆಯ ಸ್ವರ ಆರುವ ಮೊದಲೇ ಇನ್ನೊಂದು ಜೋಡಿ ಹಾಡತೊಡಗಿದರೆ ಆ ಕ್ಷಣದಲ್ಲಿ ಎರಡು ಸ್ವರಗಳು ಒಟ್ಟಿಗೆ ನಿಲ್ಲುತ್ತವೆ. ಹಾರ್ಮನಿಯ ಬೀಜ ಇರುವುದು ಅಲ್ಲಿ. ವಾದ್ಯವೃಂದದಲ್ಲಿ ಒಂದರ ಮೇಲೊಂದು ಬರುವ ಈ ಸಾಲುಗಳನ್ನು ಎರಡು ಗುಂಪಿನ ವಯೊಲಾಗಳಿಗೋ ಎರಡು ಕ್ಲಾರಿನೆಟ್ ಜೋಡಿಗಳಿಗೋ ಕೊಟ್ಟು, ಒಂದಾಗುವ ಕ್ಷಣವನ್ನು ಸ್ವಲ್ಪ ಸ್ವಲ್ಪವೇ ಹಿಗ್ಗಿಸುತ್ತ ಹೋಗಬಹುದು. ಅದೇ ಧಾಟಿಯ ಕೆಳಗೆ ಪಾಶ್ಚಾತ್ಯ ಸ್ತೋತ್ರಗೀತೆಯ ಮೂರು ಮಾಮೂಲಿ ಕಾರ್ಡುಗಳನ್ನು ಇಟ್ಟರೆ ಹಾಡು ಚರ್ಚಿನ ವಾದ್ಯಗೋಷ್ಠಿಯಂತಾಗಿ ಕೊಡಗಿನ ಚಹರೆಯನ್ನೇ ಕಳೆದುಕೊಳ್ಳುತ್ತದೆ.

ಸೊನಾಟ ರೂಪ ಈ ದ್ರವ್ಯಕ್ಕೆ ಒಗ್ಗುವುದಿಲ್ಲ. ಎರಡು ವಿರುದ್ಧ ಧಾಟಿಗಳು, ಅವುಗಳ ನಡುವೆ ಆಧಾರಸ್ವರದ ಪಲ್ಲಟ, ಕೊನೆಗೆ ಸಂಧಾನ ಎಂಬ ಆ ರೂಪದ ನಾಟಕೀಯತೆಗೆ ಪುನರಾವರ್ತನೆಯೇ ಉಸಿರಾದ ಹಾಡು ಸಿಕ್ಕಿಕೊಂಡರೆ ಎರಡೂ ಕೆಡುತ್ತವೆ. ಹೆಚ್ಚು ಉಪಯುಕ್ತ ಮಾದರಿ ರಾವೆಲ್ 1928ರಲ್ಲಿ ರಚಿಸಿದ ‘ಬೊಲೆರೊ’. ಒಂದೇ ಲಯದ ಮೇಲೆ ಒಂದೇ ಧಾಟಿ ವಾದ್ಯ ಬದಲಿಸುತ್ತ ಸಾಗಿ, ಕೊನೆಯ ಹಂತದವರೆಗೂ ಸಿ ಮೇಜರನ್ನು ಬಿಡದೆ, ಆಮೇಲೆ ಒಮ್ಮೆ ಮಾತ್ರ ಇ ಮೇಜರಿಗೆ ಜಿಗಿದು ಮರಳುತ್ತದೆ. ಅಷ್ಟು ಹೊತ್ತು ತಡೆಹಿಡಿದದ್ದರಿಂದಲೇ ಆ ಜಿಗಿತಕ್ಕೆ ಶಕ್ತಿ. ಪುತ್ತರಿಯ ಹಾಡಿಗಾಗಲಿ, ದೀಪದ ಸುತ್ತ ಚವರಿ ಹಿಡಿದು ಕುಣಿಯುವ ಬೊಳಕಾಟ್‌ನ ಹಾಡಿಗಾಗಲಿ ಈ ಕ್ರಮ ಸಹಜವಾಗಿ ಹೊಂದುತ್ತದೆ.

ಕೊಂಬಿನ ವಿಷಯ ಇನ್ನೂ ಸೂಕ್ಷ್ಮ. ಬಾಗಿದ ಲೋಹದ ಈ ಕೊಳವೆಗೆ ರಂಧ್ರಗಳಿಲ್ಲ, ಕೀಲಿಗಳಿಲ್ಲ. ತುಟಿಯ ಬಿಗಿತದಿಂದ ಹುಟ್ಟುವುದು ಸಹಜ ಉಪಸ್ವರಗಳ ಶ್ರೇಣಿ ಮಾತ್ರ. ಆ ಶ್ರೇಣಿಯ ಏಳನೆಯ ಸ್ವರ ಪಿಯಾನೊದ ಕೋಮಲ ನಿಷಾದಕ್ಕಿಂತ ಅರ್ಧಸ್ವರದ ಸುಮಾರು ಮೂರನೆಯ ಒಂದು ಭಾಗದಷ್ಟು ಕೆಳಗಿದೆ. ಹನ್ನೊಂದನೆಯದು ಶುದ್ಧ ಮಧ್ಯಮ ಮತ್ತು ಪ್ರತಿಮಧ್ಯಮಗಳ ಸರಿಸುಮಾರು ನಡುವೆ ಬೀಳುತ್ತದೆ. ವಾದ್ಯವೃಂದದ ಫ್ರೆಂಚ್ ಹಾರ್ನಿನಲ್ಲೂ ವಾಲ್ವ್ ಬದಲಿಸದೆ ಊದಿದರೆ ಇದೇ ಸ್ವರಗಳು ಸಿಗುತ್ತವೆ. ಬೆಂಜಮಿನ್ ಬ್ರಿಟನ್ 1943ರ ತಮ್ಮ ‘ಸೆರೆನೇಡ್’ನ ಆರಂಭದಲ್ಲಿ ಹೀಗೆ ಊದಿಸಿದರು, ಲಿಗೆತಿ ‘ಹ್ಯಾಂಬರ್ಗ್ ಕನ್ಚರ್ಟೊ’ದಲ್ಲಿ ಈ ತಂತ್ರದ ಮೇಲೆಯೇ ಇಡೀ ಕೃತಿಯನ್ನು ಕಟ್ಟಿದರು. ಆದ್ದರಿಂದ ನಾಲ್ಕು ಹಾರ್ನುಗಳನ್ನು ಕೊಂಬುಗಳಂತೆ ನುಡಿಸುವುದು ಇಂದಿನ ಯಾವ ವಾದ್ಯವೃಂದಕ್ಕೂ ಸಾಧ್ಯ. ಸ್ವರಲಿಪಿಯಲ್ಲಿ ‘ಸಹಜ ಉಪಸ್ವರ, ತಿದ್ದಬಾರದು’ ಎಂಬ ಸೂಚನೆ ಸ್ಪಷ್ಟವಾಗಿರಬೇಕು. ಇಲ್ಲದಿದ್ದರೆ ತರಬೇತಿ ಪಡೆದ ವಾದಕರು ಅಭ್ಯಾಸಬಲದಿಂದ ಶ್ರುತಿಯನ್ನು ಸರಿಪಡಿಸಿಬಿಡುತ್ತಾರೆ, ಕೊಂಬಿನ ಒರಟು ಹೊಳಪು ಹೋಗುತ್ತದೆ. ಆಧಾರಸ್ವರ ಗಟ್ಟಿಯಾಗಿದ್ದಾಗ ಈ ಉಪಸ್ವರಗಳು ಅಪಶ್ರುತಿಯೆನಿಸುವುದಿಲ್ಲ, ಏಕೆಂದರೆ ಅವು ಆ ಸ್ವರದಿಂದಲೇ ಹುಟ್ಟಿದವು. ಟೋನಲ್ ಆಗಿದ್ದೂ ಹೊಸದಾಗಿ ಕೇಳಿಸುವ ಹಾರ್ಮನಿ ಬೇಕಿದ್ದವರಿಗೆ ಕೊಡಗು ಕೊಡಬಲ್ಲ ಅತ್ಯಂತ ಬೆಲೆಬಾಳುವ ವಸ್ತು ಇದೇ.

ಮದುವೆಗಳಲ್ಲಿ ನುಡಿಸುವ ವಾಲಗದ ನಡೆ ಮೂರು ಮೂರಾಗಿ ಒಡೆಯುವ ತೂಗುಗತಿ. ಸ್ವರಲಿಪಿಯಲ್ಲಿ ಆರು-ಎಂಟರ ತಾಳವಾಗಿ ಬರೆಯಬಹುದು. ದುಡಿಯನ್ನೇ ಸ್ಕೋರಿನಲ್ಲಿ ಕೇಳುವುದು ಜಾಣತನವಲ್ಲ. ಸ್ಪರ್ಧೆಗಳು ವಾದ್ಯಗಳ ಸಂಖ್ಯೆಯನ್ನೂ ಬಗೆಯನ್ನೂ ಮೊದಲೇ ನಿಗದಿ ಮಾಡಿರುತ್ತವೆ. ತಂತಿ ವಾದ್ಯಗಳ ಮೀಟು, ಬಿಲ್ಲಿನ ಕಡ್ಡಿಯಿಂದ ತಂತಿಯ ಮೇಲೆ ಬಡಿತ, ಸಣ್ಣ ಡ್ರಮ್ಮಿನ ಅಂಚಿನ ಪೆಟ್ಟು ಇವುಗಳ ಹದವಾದ ಮಿಶ್ರಣದಿಂದ ಆ ಒಣನಾದವನ್ನು ತರಬಹುದು.

ಋಣದ ಪ್ರಶ್ನೆಯನ್ನು ಇಲ್ಲಿ ಬಿಡುವಂತಿಲ್ಲ. ಕೊಡವ ಮನೆಗಳ ಮದುವೆಗೂ ಊರವರು ಸೇರಿ ಕುಣಿಯುವ ಬಯಲಾದ ಮಂದ್‌ಗೂ ವಾಲಗ, ಕೊಂಬು, ಕೊಟ್ಟ್ ನುಡಿಸುತ್ತ ಬಂದವರು ಬಹುಪಾಲು ಮೇದ ಮೊದಲಾದ ಬೇರೆ ಸಮುದಾಯಗಳವರು. ಹಾಡಿನ ಸಾಹಿತ್ಯಕ್ಕೆ ಸಂಗ್ರಾಹಕರ ಹೆಸರಿದೆ. ನಾದವನ್ನು ಕಾಪಾಡಿದವರ ಹೆಸರು ಹೆಚ್ಚಾಗಿ ಎಲ್ಲಿಯೂ ದಾಖಲಾಗಿಲ್ಲ. ಯಾರ ನುಡಿಸಾಣಿಕೆಯನ್ನು ಕೇಳಿ ಧಾಟಿ ಬರೆದುಕೊಳ್ಳಲಾಯಿತೋ ಅವರ ಹೆಸರನ್ನು ಸ್ಕೋರಿನ ಮುನ್ನುಡಿಯಲ್ಲಿ ಬರೆಯುವುದು ಕನಿಷ್ಠ ಕರ್ತವ್ಯ. ಕೃತಿಯಿಂದ ಹಣ ಬಂದರೆ ಅವರಿಗೂ ಪಾಲು ಸಲ್ಲಬೇಕು.

ಇಂಥ ರಚನೆಗಳು ಬಿಡಿ ಪ್ರಯತ್ನಗಳಾಗಿ ನಿಲ್ಲಬಾರದೆಂದಿದ್ದರೆ ‘ಪಟ್ಟೋಲೆ ಪಳಮೆ’ಯ ಹಾಡುಗಳಿಗೆ ಧ್ವನಿಮುದ್ರಣದ ಆಧಾರದ ಮೇಲೆ ಸ್ವರಲಿಪಿ ಸಿದ್ಧವಾಗಬೇಕು. ಒಂದೇ ಹಾಡಿನ ಧಾಟಿ ಒಂದೊಂದು ನಾಡಿನಲ್ಲಿ ಹೇಗೆ ಬದಲಾಗುತ್ತದೆ ಎಂಬುದೂ ಅದರಲ್ಲಿ ದಾಖಲಾಗಬೇಕು. ಕೊಡವ ಸಾಹಿತ್ಯ ಅಕಾಡೆಮಿಯೂ ವಿಶ್ವವಿದ್ಯಾಲಯಗಳ ಸಂಗೀತ ವಿಭಾಗಗಳೂ ಜೊತೆಗೂಡಿ ಈ ಕೆಲಸವನ್ನು ಕೈಗೆತ್ತಿಕೊಳ್ಳಲಿ. ಹಿರಿಯ ಹಾಡುಗಾರರು ಬದುಕಿರುವಾಗಲೇ ಇದು ಆಗಬೇಕು.